ನನ್ನ ಬಾಗಿಲಿಗೆ ಕಿಟಕಿ ಎಂದು ಬರೆದವರು

ಇಡೀ ಕಲಘಟಗಿಯಲ್ಲಿ ಜರ್ಮನ್ ಭಾಷೆಗೆ ಅತಿ ಹೆಚ್ಚು ಡ್ಯಾಮೇಜ್ ಮಾಡಿದವರು ಯಾರಾದರೂ ಇದ್ದರೆ ಅದು ನಮ್ಮ ಬಾಜೂ ಮನೆಯ ಕಾಕಾ! ಇದನ್ನು ಅವರೆದುರೇ ಹೇಳಿದ್ದೇನೆ, ಅಗದಿ ಖುಷಿಪಟ್ಟರು. ನನಗಿಂತ ಎರಡು ವರ್ಷ ಚಿಕ್ಕವರು. ಆದರೆ ಊರಿಗೆಲ್ಲ ಕಾಕಾ ಆದವರು ನನಗೊಬ್ಬಳಿಗೆ ಬೇರೆ ಏನಾದಾರು? ಕಲಿತದ್ದು ನಾಲ್ಕನೇ ಇಯತ್ತೆ, ಕಸುಬು ತೊಟ್ಟಿಲಿಗೆ ಬಣ್ಣ ಹಾಕುವುದು.

ಅವರ ಮೊಮ್ಮಗಳು ನರ್ಸಿಂಗ್ ಮುಗಿಸಿದವಳು. ಜರ್ಮನಿಯ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಭಾಷೆಯ ಪರೀಕ್ಷೆ ಪಾಸಾಗಬೇಕು. ಬರೆಯುವುದರಲ್ಲಿ ಹುಡುಗಿ ಫಸ್ಟ್ ಕ್ಲಾಸ್. ಮಾತಾಡುವ ಪರೀಕ್ಷೆಯಲ್ಲಿ ಮಾತ್ರ, ಪೂರ್ ಥಿಂಗ್, ಒಂದು ಶಬ್ದವೂ ಹೊರಡದೆ ಫೇಲಾಗಿ ಬಂದಳು. ಬಂದಮೇಲೆ ಎಂಟು ದಿನ ಕನ್ನಡವನ್ನೂ ಆಡಲಿಲ್ಲ. ಜರ್ಮನಿಗೆ ಕಳಿಸುವ ಏಜೆನ್ಸಿಯವರು ಇನ್ನೊಂದೇ ಚಾನ್ಸ್ ಎಂದಿದ್ದರು. ಒಂಬತ್ತನೇ ದಿನ ಕಾಕಾ ಆಕೆಯ ನೋಟ್‌ಬುಕ್ ಎತ್ತಿಕೊಂಡು, ನನಗೂ ಕಲಿಸು ಎಂದು ಎದುರು ಕೂತರು.

ಮೊಬೈಲಿನಲ್ಲಿ ಪುಕ್ಕಟೆ ಪಾಠ, ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಕುಂಚ, ದಿನಕ್ಕೆ ಹತ್ತು ಶಬ್ದ. ಕಾನ್ವೆಂಟಿನವಳು ನಾನು, ಸ್ಟಡಿ ಮೆಥಡ್ ಬಗ್ಗೆ ಉಪದೇಶ ಮಾಡದೆ ಬಿಟ್ಟೇನೆಯೇ? ಶಬ್ದಗಳನ್ನು ಚೀಟಿಯಲ್ಲಿ ಬರೆದು ಆಯಾ ಸಾಮಾನಿಗೆ ಅಂಟಿಸಿರಿ ಎಂದೆ. ನನ್ನದೇ ಮಿಸ್ಟೇಕ್! ಚೀಟಿ ಗಾಳಿಗೆ ಹಾರುತ್ತದೆಂದು ತೊಟ್ಟಿಲಿಗೆ ಹಚ್ಚುವ ಅರಗಿನ ಬಣ್ಣದಲ್ಲೇ ಬರೆದರು. ಕಪಾಟು, ಕುರ್ಚಿ, ಮಂಚ, ಹೆಂಡತಿ ಕಾಕೂ ಅವರ ಲಟ್ಟಣಿಗೆ! ತಮ್ಮ ಮನೆ ಮುಗಿದ ಮೇಲೆ ನನ್ನ ಮನೆಗೆ ಬಂದರು, ಚಸಮಾ ಮರೆತು. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಕೆಳಗಿನದನ್ನು ಓದಿ, ನನ್ನ ತೇಗದ ಮುಂಬಾಗಿಲ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ‘ಫೆನ್ಸ್ಟರ್’ ಎಂದು ಬರೆದು, ಸುತ್ತ ಬಳ್ಳಿ ಬಿಡಿಸಿ ಹೋದರು. ಫೆನ್ಸ್ಟರ್ ಎಂದರೆ ಕಿಟಕಿಯಂತೆ! ಹಾಗಂತ ಹೇಳಿದ್ದು ಮೊಮ್ಮಗಳು. ಹೇಳುತ್ತ ಹೇಳುತ್ತ, ಎಷ್ಟೋ ದಿನದ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕಾಕಾರೆದುರು ತಕರಾರು ತೆಗೆದೆ.

“ಅರಗಿನ ಬಣ್ಣ ಹೋಗೂದಿಲ್ರಿ ಅಕ್ಕೋರ. ಇವತ್ತಿನಿಂದ ನೀವು ಖಿಡಕ್ಯಾಗಿಂದನ ಓಡ್ಯಾಡ್ರಿ.”

ಮುಂದಿನ ಸ್ಟ್ರಾಟಜಿ ಇನ್ನೂ ಘೋರ. ಸಂಜೆ ಚಹಾದ ಹೊತ್ತಿಗೆ ಒಂದು ತಾಸು ಆ ಮನೆಯಲ್ಲಿ ಕನ್ನಡ ಬಂದ್. ಕಾಕೂಗೆ ಬರುತ್ತಿದ್ದದ್ದು ನಲವತ್ತು ಶಬ್ದ. ಅದರಲ್ಲಿ ಬೈಗುಳ ಒಂದೂ ಇಲ್ಲ. ಅವರ ಮದುವೆಯಾದಂದಿನಿಂದ ಮೊದಲ ಸಲ ಬಾಜೂ ಮನೆಯ ಜಗಳವಿಲ್ಲದೆ ನಾನು ಚಹಾ ಕುಡಿದೆ! ಎಷ್ಟು ದಿನ? ಕಾಕೂ ಮೊಮ್ಮಗಳನ್ನು ಒಳಗೆ ಕರೆದು, ಈ ಮನುಷ್ಯನಿಗೆ ಬೈಯುವಷ್ಟಾದರೂ ಕಲಿಸು ಎಂದು ಹಟ ಹಿಡಿದರು. ಹುಡುಗಿ ಕಲಿಸಿದಳು. ಮುಂದೆ ದಿನಾ ಇಬ್ಬರೂ ತಪ್ಪುತಪ್ಪಾಗಿ ಕಾದಾಡುವುದು, ನಡುವೆ ಆಕೆ ತಿದ್ದಿ ತಿದ್ದಿ ಗಂಟಲು ಹರಿದುಕೊಳ್ಳುವುದು.

ಎರಡನೇ ಸಲದ ಪರೀಕ್ಷೆಯ ರಿಸಲ್ಟಿನ ದಿನ ಕಾಕಾ ತೊಟ್ಟಿಲಿನ ಒಂದೇ ಗಿಳಿಗೆ ಮೂರು ಸಲ ಬಣ್ಣ ಹಚ್ಚಿದರು. ಹುಡುಗಿ ಮೊಬೈಲಿನಿಂದ ತಲೆಯೆತ್ತಿ, “ಪಾಸಾತು ಅಜ್ಜಾ” ಎಂದಳು. ಕಾಕಾ ಕುಂಚ ಕೆಳಗಿಟ್ಟು ಗೋಡೆಗೆ ಒರಗಿ, ಎಷ್ಟು ತಿಂಗಳಿಂದ ಹಿಡಿದಿಟ್ಟದ್ದೋ, ಉಸಿರು ಬಿಟ್ಟರು. ನನ್ನ ಬಿಪಿಯೂ ಅವತ್ತೇ ಇಳಿದಿರಬೇಕು!

ಹೇಗೆ ಮಾತಾಡಿದೆ ಎಂದು ಕೇಳಿದೆ. ನಿನ್ನ ಮನೆಯ ಬಗ್ಗೆ ಹೇಳು ಎಂದರಂತೆ. ಆಗ ನನ್ನ ಬಾಗಿಲು ಕಣ್ಣ ಮುಂದೆ ಬಂತಂತೆ! ನಮ್ಮಜ್ಜ ಬಾಜೂ ಮನೆಯ ಬಾಗಿಲಿಗೆ ಕಿಟಕಿ ಎಂದು ಬರೆದಿದ್ದಾನೆ ಎಂದು ಶುರು ಮಾಡಿದಳು. ಪರೀಕ್ಷೆ ಮಾಡುವವರು ನಕ್ಕರು. ನಕ್ಕವರೆದುರು ಇನ್ನೆಂಥ ಅಂಜಿಕೆ?

ಮರುದಿನ ಕಾಕಾ ಉಳಿ, ಕುಂಚ ಹಿಡಿದು ನನ್ನ ಬಾಗಿಲಿಗೆ ಬಂದರು. ಕೆರೆದು ಸರಿ ಮಾಡುತ್ತೇನೆ ಎಂದರು.

“ಹೋಗೂದಿಲ್ಲ ಅಂದಿದ್ರಲ್ಲ?”

“ಉಳಿ ಹಚ್ಚಿದ್ರ ಹೋಗತೈತ್ರಿ. ಅವತ್ತ ಕೂಸು ನಕ್ಕಿತ್ತಲ್ರಿ, ಅದಕ್ಕ ಬಿಟ್ಟಿದ್ದೆ.”

ನನಗೆ ಕಾನ್ವೆಂಟಿನಲ್ಲಿ ಒಂದು ತಪ್ಪು ಇಂಗ್ಲಿಷ್ ವಾಕ್ಯಕ್ಕೆ ಬೆಂಚಿನ ಮೇಲೆ ನಿಂತ ಎಂಟು ವರ್ಷದ ಹುಡುಗಿ ನೆನಪಾದಳು. ನನ್ನ ಜೊತೆ ಕೂತು ತಪ್ಪು ಮಾಡಲು ಯಾರೂ ಇರಲಿಲ್ಲ. ಅವರ ಕೈಯಿಂದ ಉಳಿ ತೆಗೆದುಕೊಂಡೆ.

“ಇರ್ಲಿ ಬಿಡ್ರಿ ಕಾಕಾ. ನನಗ ಖಿಡಕ್ಯಾಗಿಂದ ಓಡ್ಯಾಡಿ ರೂಢಿ ಆಗೇತಿ.”