ಎರಡು ಬಾಯಿಯ ಕಾರು

ಕಾರು ಇಟ್ಟುಕೊಂಡವರಿಗೆಲ್ಲ ಒಂದು ರೋಗವಿರುತ್ತದೆ. ಅವರ ಬಿ.ಪಿ. ಎಷ್ಟೆಂದು ಕೇಳಿ ನೋಡಿ, ಹೆಂಡತಿಯ ಮುಖ ನೋಡುತ್ತಾರೆ. ಕಾರಿನ ಎವರೇಜ್ ಎಷ್ಟೆಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದಕ್ಕೆ ನಮ್ಮ ಬೈಲಹೊಂಗಲದ ಕಡೆ ಎವರೇಜ್ ಎಂದೇ ಹೆಸರು. ಈ ರೋಗ ನನಗೂ ಇತ್ತು. ಅದರಿಂದ ಕಾರಿಗೇನೂ ಆಗಲಿಲ್ಲ. ಕೆಟ್ಟದ್ದಾಗಿದ್ದು ಒಬ್ಬ ಒಳ್ಳೆಯ ಮನುಷ್ಯನಿಗೆ, ಮಾಡಿದವನು ನಾನು. ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ, ನಿಮಗೆ ಹೇಳಿಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಡಾಕ್ಟರೊಬ್ಬರು ಓಡಿಸಿ ಬಿಟ್ಟ ಹಳೆಯ ಕಾರೊಂದನ್ನು ಕೊಂಡೆ. ಅದು ಪೆಟ್ರೋಲಿಗೂ ಓಡುತ್ತಿತ್ತು, ಗ್ಯಾಸಿಗೂ ಓಡುತ್ತಿತ್ತು. ಸ್ಟೀರಿಂಗಿನ ಪಕ್ಕದ ಗುಂಡಿ ಒತ್ತಿದರೆ ಒಂದನ್ನು ಬಿಟ್ಟು ಇನ್ನೊಂದನ್ನು ಕುಡಿಯುತ್ತಿತ್ತು. ಆ ಗುಂಡಿಯನ್ನು ನಾನು ಸ್ಟಾಫ್‌ರೂಮಿನ ಎಲ್ಲರಿಗೂ ಒಂದೊಂದು ಸಲ ಒತ್ತಿಸಿದ್ದೇನೆ. ಆದರೆ ಡಿಕ್ಕಿಯ ತುಂಬ ಗ್ಯಾಸಿನ ಟ್ಯಾಂಕೇ ಕೂತಿದ್ದರಿಂದ, ನನ್ನ ಹೆಂಡತಿ ಶಾಂತಾ ರಾಮದುರ್ಗದ ತವರಿಗೆ ಹೊರಟಾಗೆಲ್ಲ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕಾಗುತ್ತಿತ್ತು. “ಎರಡು ಬಾಯಿ ಇರೋ ಗಾಡಿ ತಂದೀರಿ, ಒಂದು ಬುಟ್ಟಿ ಇಡಾಕ ಜಾಗಾ ಇಲ್ಲ,” ಎನ್ನುತ್ತಿದ್ದಳು.

ಈ ಎರಡು ಬಾಯಿಯ ಪ್ರಾಣಿಯನ್ನು ಸಾಕುತ್ತಿದ್ದವರು ದಸ್ತಗೀರಸಾಬರು. ಸಂಪಗಾಂವ ರಸ್ತೆಯಲ್ಲಿ ಅವರದೊಂದು ತಗಡಿನ ಗ್ಯಾರೇಜು. ನನಗಿಂತ ಹತ್ತು ವರ್ಷ ದೊಡ್ಡವರು. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಸಂಗೀತ ಕೇಳುವವರ ಹಾಗೆ ತಲೆದೂಗುತ್ತಿದ್ದರು. ಭಾನುವಾರ ಮುಂಜಾನೆ ಕಾರಿಗೆ ಕೆಲಸವಿರಲಿ ಬಿಡಲಿ, ನಾನು ಅಲ್ಲಿ ಬೆಂಚಿನ ಮೇಲೆ ಕೂತು ಚಹಾ ಕುಡಿಯದಿದ್ದರೆ ಅಂದು ಭಾನುವಾರ ಎನಿಸುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಕಾರಿನ ಎವರೇಜ್ ಇಳಿಯತೊಡಗಿತು. ಹದಿನಾರು ಇದ್ದದ್ದು ಹನ್ನೆರಡಾಯಿತು, ಆಮೇಲೆ ಹತ್ತಾಯಿತು. ದಸ್ತಗೀರಸಾಬರು ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಝಾಡಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ಜ್ಯಾಕ್ ಹಚ್ಚಿ ಗಾಲಿ ತಿರುಗಿಸಿ, ಬ್ರೇಕ್ ಹಿಡಿದಿಲ್ಲವೆಂದು ತೋರಿಸಿದರು. ಗ್ಯಾಸಿನ ಪೈಪಿಗೆ ಸಾಬೂನಿನ ನೊರೆ ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಇಬ್ಬರೂ ಮೂಗು ತಾಗಿಸಿ ಕಾದೆವು. ಒಂದೂ ಏಳಲಿಲ್ಲ.

ಆಗ ಶಾಂತಾಳ ತಮ್ಮ ಈರಣ್ಣ ರಾಮದುರ್ಗದಿಂದ ಬಂದ. ಅವನ ಹತ್ತಿರ ಸೈಕಲ್ಲೂ ಇರಲಿಲ್ಲ. ಆದ್ದರಿಂದ ಕಾರುಗಳ ಬಗ್ಗೆ ಅವನಿಗೆ ಯಾವ ಅನುಮಾನವೂ ಇರಲಿಲ್ಲ. “ಮಾಮಾ, ಗಾಡಿ ಕುಡ್ಯಾಕ ಹತ್ತಿಲ್ಲ. ಯಾರೋ ಹೀರಾಕ ಹತ್ಯಾರ,” ಎಂದ. ಯಾರು ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಒಂದು ಹೆಸರು ಬಾಯಲ್ಲಿ ಬಂದು, ಅದರ ನಾಚಿಕೆಯಾದರೂ ನನ್ನನ್ನು ತಡೆಯುತ್ತಿತ್ತೋ ಏನೋ.

ಮುಂದಿನ ಸಲ ಕಾರನ್ನು ಗ್ಯಾರೇಜಿನಲ್ಲಿ ಬಿಡುವ ಮೊದಲು, ಶಾಂತಾಳ ಹೊಲಿಗೆ ಡಬ್ಬಿಯಿಂದ ಬಿಳಿ ದಾರ ತೆಗೆದು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಸುತ್ತಿದೆ. ದೊಡ್ಡ ಪತ್ತೇದಾರ ನಾನು! ಎರಡು ದಿನ ಬಿಟ್ಟು ಹೋದೆ. ದಾರ ಇರಲಿಲ್ಲ. ಗ್ಯಾರೇಜಿನಲ್ಲಿ ನಮ್ಮ ಶಾಲೆಯ ಇಬ್ಬರು ಮಾಸ್ತರರು ಸ್ಕೂಟರ್ ರಿಪೇರಿಗೆಂದು ನಿಂತಿದ್ದರು. ದಸ್ತಗೀರಸಾಬರು ಕೈ ಒರೆಸಿಕೊಳ್ಳುತ್ತ ನಗುನಗುತ್ತಲೇ ಬಂದರು.

“ಮಾಸ್ತರ, ನಿಮ್ಮ ಗಾಡಿ ಎವರೇಜ್ ಬರೊಬ್ಬರಿ ಐತ್ರಿ. ಖರೇ ಅಂದ್ರ...”

“ಖರೇ ಏನಂತ ನಾನ ಹೇಳತೇನಿ,” ಎಂದು ನಡುವೆಯೇ ಬಾಯಿ ಹಾಕಿದೆ. “ಟ್ಯಾಂಕಿನ ಮುಚ್ಚಳಾ ಯಾಕ ತಗದಿದ್ರಿ? ದಾರ ಕಟ್ಟಿದ್ದೆ ನಾನು.”

ಅವರು ಕೈ ಒರೆಸುವುದನ್ನು ನಿಲ್ಲಿಸಿದರು. “ದಾರ ಕಟ್ಟಿದ್ರ್ಯಾ?” ಎಂದರು. ಅಷ್ಟೇ. ಬೀಗದಕೈಯನ್ನು ಬೆಂಚಿನ ಮೇಲಿಟ್ಟು, ಬೇರೊಂದು ಗಾಡಿಯ ಕೆಳಗೆ ಹೋಗಿ ಮಲಗಿ ಕೆಲಸ ಶುರುಮಾಡಿದರು. ನಾನು ಗೆದ್ದವನಂತೆ ಮನೆಗೆ ಬಂದೆ. ಆಮೇಲೆ ಸವದತ್ತಿಯ ಒಬ್ಬ ಮಿಸ್ತ್ರಿಗೆ ಕಾರು ತೋರಿಸಿದೆ; ಅವನು ಎಂಜಿನ್ನನ್ನೇ ಬಿಚ್ಚಿ ಮತ್ತೆ ಜೋಡಿಸಿದ. ಎವರೇಜ್ ಎಂಟಕ್ಕೆ ಇಳಿಯಿತು.

ಎರಡು ತಿಂಗಳ ಮೇಲೆ ಕಿತ್ತೂರಿನಲ್ಲೊಂದು ಮದುವೆ. ದಾರಿಯಲ್ಲಿ ಹೊತ್ತು ಹೋಗಲೆಂದು ಶಾಂತಾ ಕಿಲೋಮೀಟರ್ ಕಲ್ಲುಗಳನ್ನು ಓದುತ್ತ ಬಂದಳು. ಸ್ವಲ್ಪ ದೂರ ಹೋದ ಮೇಲೆ, “ಅಲ್ರಿ, ಮೂರು ಕಲ್ಲು ದಾಟಿದ್ವಿ. ನಿಮ್ಮ ಮೀಟರ್‌ನ್ಯಾಗ ಒಂದ ನಂಬರ ಸರದೈತಿ,” ಎಂದಳು. ನಾನು ನಕ್ಕೆ. ಆಮೇಲೆ ನೋಡಿದೆ. ಮುಳ್ಳು ಒಮ್ಮೆ ನಡುಗಿ ಮಲಗುತ್ತಿತ್ತು, ಅಂಕಿ ಕದಲದೆ ನಿಲ್ಲುತ್ತಿತ್ತು, ಮತ್ತೆ ಎಚ್ಚರಾಗಿ ಓಡುತ್ತಿತ್ತು. ಮೀಟರಿನ ಕೇಬಲ್ ಸವೆದಿತ್ತು. ಕಾರು ಮೊದಲಿನಷ್ಟೇ ಕುಡಿದು ಮೊದಲಿನಷ್ಟೇ ಓಡುತ್ತಿತ್ತು. ಓಡಿದ್ದನ್ನು ಬರೆದಿಡುವುದು ಮಾತ್ರ ನಿಂತಿತ್ತು. ಇಪ್ಪತ್ತು ವರ್ಷ ಭಾಗಾಕಾರ ಕಲಿಸಿದ ನಾನು, ಯಾವುದನ್ನು ಭಾಗಿಸುತ್ತಿದ್ದೇನೆಂದು ಒಮ್ಮೆಯೂ ನೋಡಿರಲಿಲ್ಲ. ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದೆ. “ಯಾಕ್ರಿ, ಆರಾಮಿಲ್ಲೇನು?” ಎಂದಳು ಶಾಂತಾ. ಹೌದು, ಆರಾಮಿರಲಿಲ್ಲ.

ಮರುದಿನ ಗ್ಯಾರೇಜಿಗೆ ಹೋದರೆ ಬೀಗ. ಹಿಂದಿನ ಓಣಿಯಲ್ಲೇ ಅವರ ಮನೆ. ಹೆಂಡತಿ ಅಮೀನಾಬಿ ಕೂರಿಸಿ, ನೀರು ಕೊಟ್ಟು, ಬೈಯದೆ ಹೇಳಿದರು: “ಮಂದಿ ಬರೋದ ಬಿಟ್ರುರಿ. ಪೆಟ್ರೋಲ್ ತಗೀತಾನಂತ ಊರ ತುಂಬ ಮಾತಾತು. ಈಗ ನೇಸರಗ್ಯಾಗ ಇನ್ನೊಬ್ಬರ ಗ್ಯಾರೇಜಿನ್ಯಾಗ ದುಡ್ಯಾಕ ಹತ್ಯಾರ.” ನಾನು ಎದ್ದು ನಿಂತಾಗ ಮತ್ತೊಂದು ಮಾತು ಸೇರಿಸಿದರು. “ಅವತ್ತ ಮುಚ್ಚಳಾ ತಗದದ್ದು ಖರೇರಿ. ಎವರೇಜ್ ನೋಡಾಕಂತ ನಿಮ್ಮ ಗಾಡಿ ಓಡಿಸಿದ್ರು. ಸುಟ್ಟ ಪೆಟ್ರೋಲ್ ಮಾಸ್ತರದು, ಅದನ್ನ ತುಂಬಿ ಕೊಡಬೇಕಂತ ಮನ್ಯಾಗಿನ ಕ್ಯಾನ್ ಒಯ್ದು ಸುರುವಿ ಬಂದ್ರು.”

ನೇಸರಗಿಯವರೆಗೆ ಏನು ಮಾತಾಡಬೇಕೆಂದು ಬಾಯಿಪಾಠ ಮಾಡಿಕೊಂಡು ಹೋದೆ. ಎದುರು ನಿಂತಾಗ ಬಂದದ್ದು, “ಮೀಟರ್ ಕೇಬಲ್ ಹೋಗೈತ್ರಿ,” ಎಂಬ ಒಂದೇ ಮಾತು. “ಅವತ್ತ ಅದನ್ನ ಹೇಳಾಕ ಬಂದಿದ್ದೆ,” ಎಂದರು ಅವರು. “ತಪ್ಪಾತು ದಸ್ತಗೀರಸಾಬ,” ಎಂದೆ. “ಇರ್ಲಿ ಬಿಡ್ರಿ, ಸರ್,” ಎಂದು ಹೊಸ ಕೇಬಲ್ ಹಾಕಿಕೊಟ್ಟರು. ನಾನು ಮಾಸ್ತರ ಹೋಗಿ ಸರ್ ಆಗಿದ್ದು ಅಂದೇ.

ಸ್ಟಾಫ್‌ರೂಮಿನಲ್ಲಿ ನಿಂತು, ತಪ್ಪು ನನ್ನದೆಂದು ಎಲ್ಲರಿಗೂ ಹೇಳಿದೆ. “ಹೌದೇನ್ರಿ? ಆದ್ರೂ...” ಎಂದು ಒಬ್ಬರು ತಲೆ ಅಲ್ಲಾಡಿಸಿದರು. ಆ “ಆದ್ರೂ” ಎಂಬುದನ್ನು ಬಿತ್ತಿದವನು ನಾನೇ, ಕೀಳಲು ಮಾತ್ರ ನನ್ನಿಂದಾಗಲಿಲ್ಲ. ಸಂಪಗಾಂವ ರಸ್ತೆಯ ಗ್ಯಾರೇಜು ಮತ್ತೆ ತೆರೆಯಲಿಲ್ಲ.

ಆಮೇಲೆ ಕಾರು ಇರುವವರೆಗೂ ಸರ್ವಿಸಿಗೆ ನೇಸರಗಿಗೇ ಹೋದೆ. ಅವರ ಕೆಲಸದಲ್ಲಿ ಒಂದು ದಿನವೂ ಕೊರತೆ ಕಾಣಲಿಲ್ಲ. ಒಂದೇ ವ್ಯತ್ಯಾಸ. ಮೊದಲೆಲ್ಲ ಕೆಲಸ ಮುಗಿದ ಮೇಲೆ ಒಬ್ಬರೇ ಕಾರನ್ನೊಂದು ಸುತ್ತು ಓಡಿಸಿ ನೋಡಿ ಬರುತ್ತಿದ್ದರು, ನಾನು ಬೆಂಚಿನ ಮೇಲೆ ಪೇಪರ್ ಓದುತ್ತಿದ್ದೆ. ಈಗ ಪಕ್ಕದ ಬಾಗಿಲು ತೆರೆದು ಹಿಡಿದು, “ನೀವೂ ಕುಂತ್ಗೋರಿ, ಸರ್,” ಎನ್ನುತ್ತಿದ್ದರು. ನಾನು ಹತ್ತಿ ಕೂರುತ್ತಿದ್ದೆ. ಅವರು ಕಣ್ಣನ್ನು ರಸ್ತೆಯ ಮೇಲಿಟ್ಟು ಓಡಿಸುತ್ತಿದ್ದರು. ಕಳ್ಳನೇ ಇಲ್ಲದ ಕಾರಿನಲ್ಲಿ ಪೊಲೀಸನಂತೆ ಕೂತು, ಮಳೆ ಬೆಳೆಯ ಮಾತು ತೆಗೆಯಲು ಹವಣಿಸುತ್ತ, ನಾನು ನೇಸರಗಿಯ ಸಂತೆಯನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತಿದ್ದೆ.