ಜಡೆಗೆ ಬಂದ ಲೇಬರ್ ಆಫೀಸರ್

ಎಲ್ಲ ಆಗಿದ್ದು ನಿರ್ಮಲಮ್ಮನ ಬಾಯಿಂದ.

ಅವಳ ಮಗ ಗುರುಪ್ರಕಾಶ್ ಕೊಲ್ಲಿ ದೇಶವೊಂದರಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಕಾರ್ಮಿಕ ಅಧಿಕಾರಿ. ರಜೆಗೆಂದು ತನ್ನೂರು ಜಡೆಗೆ ಬಂದವನು ಯಾರ ಕಣ್ಣಿಗೂ ಬೀಳದೆ ನಾಳೆ ಹೊರಡುವವನಿದ್ದ. ಅಷ್ಟರಲ್ಲಿ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದ ತಾಯಿ, "ನಮ್ ಗುರು ಎಂಬಸೀಲಿ ಲೇಬರ್ ಆಫೀಸರ್ರು" ಅಂದುಬಿಟ್ಟಳು.

ನಾಟಿ ಕಾಲ. ಆಳು ಸಿಗದೆ ಊರೇ ಕಂಗಾಲಾಗಿತ್ತು. ಲೇಬರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಹುಚ್ಚರಾಯಪ್ಪ ಕೆಸರುಗಾಲಲ್ಲೇ ಜಗಲಿ ಹತ್ತಿದ.

"ಗುರಪ್ಪಾ, ನಾಳೆ ನನ್ ಗದ್ದಿಗೆ ಹತ್ತಾಳು ಕಳ್ಸು. ಯಾವ್ ಭಾಷೆಯವ್ರಾದ್ರೂ ಅಡ್ಡಿಲ್ಲ."

"ನಾನು ಆಳು ಕಳ್ಸೋನಲ್ಲ ಮಾಮ. ಅಲ್ಲಿಗೆ ದುಡಿಯಕ್ಕೆ ಹೋದ ನಮ್ಮವ್ರಿಗೆ ಸಂಬಳ ಕೊಡದಿದ್ರೆ, ಪಾಸ್‌ಪೋರ್ಟ್ ಕಿತ್ಕೊಂಡ್ರೆ, ಕಂಪನಿ ಹತ್ರ ಮಾತಾಡಿ ಊರಿಗೆ ಕಳ್ಸೋನು."

"ಹಂಗಾರೆ ಊರಿಗೆ ಕಳ್ಸೋವಾಗ ಸೀದಾ ನಮ್ ಗದ್ದಿಗೇ ಇಳ್ಸು ಮಾರಾಯ!"

ಹತ್ತು ಗಂಟೆಯೊಳಗೆ ಅಂಗಳ ತುಂಬಿತು. ಒಬ್ಬನಿಗೆ ತೋಟದ ಕಳೆ ತೆಗೆಯುವವರು ಬೇಕು, ಇನ್ನೊಬ್ಬನಿಗೆ ಮರ ಹತ್ತುವವರು. ಗುರುಪ್ರಕಾಶ್ ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಎಲ್ಲರಿಗೂ ಅದೇ ಉತ್ತರ ಹೇಳಿ ಹೇಳಿ ಸುಸ್ತಾದ. ಕೊನೆಗೆ ಎಲ್ಲರ ಹಿಂದೆ ನಿಂತಿದ್ದ ನೀಲಾಂಬಿಕ ಮುಂದೆ ಬಂದಳು. ಅವಳ ಗಂಡ ಶಿವರಾಮ ಗುರುಪ್ರಕಾಶನಿದ್ದ ದೇಶದಲ್ಲೇ ಕಟ್ಟಡ ಕೆಲಸಕ್ಕಿದ್ದ.

"ಗುರಣ್ಣಾ, ಅವ್ರ ಸಾಹುಕಾರ ಪಾಸ್‌ಪೋರ್ಟ್ ಕಿತ್ಕೊಂಡು ಕೂತಾನಂತೆ. ಪ್ರತಿ ಸಲ ಫೋನಲ್ಲಿ ಅದನ್ನೇ ಹೇಳ್ತಾರೆ. ಮಗು ಹುಟ್ಟಿದ್ದು ನೋಡ್ಲಿಲ್ಲ. ಈಗ ಅದು ಶಾಲೆಗೆ ಹೋಗ್ತದೆ."

ಗುರುಪ್ರಕಾಶ್ ಕಂಪನಿಯ ಹೆಸರು ಕೇಳಿ ಬರೆದುಕೊಂಡ. ಊರಿಗೇನು ಗೊತ್ತು? ಕಾನೂನು ಅಲ್ಲಿಯದು, ಪೊಲೀಸರು ಅಲ್ಲಿಯವರು. ಅವನ ಕೈಯಲ್ಲಿರುವುದು ಒಂದು ಫೋನು, ಮತ್ತೆ 'ದಯವಿಟ್ಟು' ಎಂಬ ಒಂದು ಮಾತು. ಎಷ್ಟೋ ಸಲ ಅವನು ಊರಿಗೆ ಕಳಿಸಿದ್ದು ಮನುಷ್ಯರನ್ನಲ್ಲ, ಶವಪೆಟ್ಟಿಗೆಗಳನ್ನು. ಆದರೂ ಆ ಹೆಂಗಸಿನ ಮುಖ ನೋಡಿ ಫೋನು ಕೈಗೆತ್ತಿಕೊಂಡ.

ನಿರ್ಮಲಮ್ಮನ ಮನೆಯಲ್ಲಿ ಸಿಗ್ನಲ್ ಸಿಗುವುದು ಗೊಬ್ಬರಗುಂಡಿಯ ದಂಡೆಯ ಮೇಲೆ ಮಾತ್ರ. ಅವನು ಅತ್ತ ನಡೆದ. ಊರೂ ದಿಬ್ಬಣದ ಹಾಗೆ ಹಿಂದೆಯೇ ನಡೆಯಿತು.

ಕಚೇರಿಯಲ್ಲಿದ್ದ ಸಹೋದ್ಯೋಗಿ ಯಶೋಧರಾ ಕಂಪನಿಯ ಮ್ಯಾನೇಜರನ ನಂಬರು ಹುಡುಕಿ ಕೊಟ್ಟಳು. ಮ್ಯಾನೇಜರ್ ಶಿವರಾಮನ ಹೆಸರು ಕೇಳಿದ್ದೇ ಫೋನಿಟ್ಟ. ಇವನು ಮತ್ತೆ ಮಾಡಿದ. ಅವನು ಮತ್ತೆ ಇಟ್ಟ. ಮೂರನೆಯ ಸಲ "ದಯವಿಟ್ಟು" ಅನ್ನುವಾಗ ದಂಡೆ ಜಾರಿ, ಗುರುಪ್ರಕಾಶನ ಒಂದು ಕಾಲು ಮೊಣಕಾಲತನಕ ಗುಂಡಿಗಿಳಿದು, ಅವನು ಕಿರುಚಿಕೊಂಡ. ಆ ಕೂಗಿಗೆ ಹೆದರಿದನೋ ಏನೋ, ಮ್ಯಾನೇಜರ್ ಶಿವರಾಮನನ್ನೇ ಕರೆದು ಫೋನು ಕೊಟ್ಟ.

"ನಮಗೂ ಕೇಳ್ಲಿ" ಅಂತ ಪಕ್ಕದ ಮನೆ ವರದಮ್ಮ ಕೈಚಾಚಿ ಸ್ಪೀಕರ್ ಒತ್ತಿಬಿಟ್ಟಳು.

"ಶಿವರಾಮ, ಹೆದ್ರಬೇಡಿ. ನಾನು ಎಂಬಸಿಯವನು. ಪಾಸ್‌ಪೋರ್ಟ್ ಬಿಡಿಸಿ ನಿಮ್ಮನ್ನ ಊರಿಗೆ ಕಳಿಸ್ತೀನಿ."

"ಅಯ್ಯೋ, ಬ್ಯಾಡ ಸಾರ್! ಅದನ್ನ ಯಾರೂ ಕಿತ್ಕೊಂಡಿಲ್ಲ. ನಾನೇ ಮ್ಯಾನೇಜರ್ ಕೈಲಿ ಕೊಟ್ಟಿದ್ದು, ಇಟ್ಕೊಂಡಿರಿ ಅಂತ."

"ಯಾಕ್ರೀ?"

"ಇಲ್ಲಿ ಬಿಸ್ಲು, ಬೈಗುಳ ಎಲ್ಲಾ ಅದೆ ಸಾರ್. ಆದ್ರೆ ಮಲಗಿದ್ರೆ ನಿದ್ದೆ ಬರ್ತದೆ. ಊರಲ್ಲಿ, ಮನೇಲಿ ಅದೂ ಇರ್ಲಿಲ್ಲ. ಪಾಸ್‌ಪೋರ್ಟ್ ಕಿತ್ಕೊಂಡಾರೆ ಅಂದ್ರೆ ಯಾರೂ ಬಾ ಅನ್ನಲ್ಲ. ಕೈಮುಗಿತೀನಿ, ನನ್ ಹೆಂಡ್ತಿಗೆ ಮಾತ್ರ ಹೇಳ್ಬ್ಯಾಡಿ."

ಫೋನು ಕಟ್ಟಾಯಿತು. ಹುಚ್ಚರಾಯಪ್ಪ ಕೆಮ್ಮಿ, ಗದ್ದೆಯ ಕಡೆ ಹೊರಟೇಹೋದ.

ನೀಲಾಂಬಿಕ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಗುರಣ್ಣಾ, ನನಗೂ ಒಂದು ಕೆಲ್ಸ ನೋಡ್ತೀರಾ?"

"ಅಲ್ಲಿ ಹೆಂಗಸ್ರ ಪಾಡು ನಿಮಗೆ ಗೊತ್ತಿಲ್ಲಮ್ಮ" ಗುಂಡಿಯಲ್ಲೇ ನಿಂತು ಅವನು ಅಂಗಲಾಚಿದ. "ಮನೆಗೆಲಸಕ್ಕೆ ಹೋದವ್ರು ತಡೆಯಕ್ಕಾಗ್ದೆ ಓಡಿಬಂದು ನಮ್ ಕಚೇರಿ ನೆಲದ ಮೇಲೆ ಮಲಗಿರ್ತಾರೆ."

"ಅವ್ರಿಗೂ ನಿದ್ದೆ ಬರ್ತದಾ?"

ಗುರುಪ್ರಕಾಶ್ ದಂಡೆಗೆ ಕೈಯೂರಿದ. "ಶಿವರಾಮ ಇರೋ ಕಂಪನೀಲೇ ಕೇಳ್ಲಾ?" ಅಂದ ಕೊನೆಗೆ.

"ಬ್ಯಾಡ. ಅವ್ರಿಲ್ದಿರೋ ದೇಶ ನೋಡಿ."

"ಮತ್ತೆ ಮಗು?"

ನೀಲಾಂಬಿಕ ಶಾಲೆಯ ಕಡೆ ತಿರುಗಿ ನೋಡಿದಳು.

ಅಷ್ಟರಲ್ಲಿ ವರದಮ್ಮ ಮೆಲ್ಲಗೆ ಗುಂಡಿಯ ದಂಡೆಗೆ ಸರಿದಳು. "ಅವಳ್ದು ಆದ್ಮೇಲೆ ನಂದೂ ಒಂದು ನೋಡಪ್ಪ. ಎಂತ ಕೆಲ್ಸ ಆದ್ರೂ ಅಡ್ಡಿಲ್ಲ, ದೂರ ಇದ್ರೆ ಆತು."

ಅವಳ ಬೆನ್ನಿಗೆ ಇನ್ನಿಬ್ಬರು ಹೆಂಗಸರು ಬಂದು ನಿಂತರು. ಗುರುಪ್ರಕಾಶ್ ಕಾಲು ಕಿತ್ತ. ಚಪ್ಪಲಿ ಒಳಗೇ ಉಳಿಯಿತು.