ಹಾಲು ಉಕ್ಕಿದಾಗ ಆಡುವ ಮಾತು

ಸಿಟ್ಟು ಬಂದಾಗ ನನ್ನ ಬಾಯಿಗೆ ಇಂಗ್ಲಿಷು ಬರುತ್ತದೆ, ಅಳು ಬಂದಾಗ ಕನ್ನಡ. ಎರಡೂ ಒಟ್ಟಿಗೆ ಬಂದರೆ ಮಾತೇ ಬರುವುದಿಲ್ಲ, ಬಿಕ್ಕಳಿಕೆ ಬರುತ್ತದೆ. ಯಾರೋ ನಿನ್ನನ್ನು ನೆನೆಸಿಕೊಳ್ಳುತ್ತಿದ್ದಾರೆ ಅಜ್ಜಿ ಎಂದು ಮೊಮ್ಮಕ್ಕಳು ನಗುತ್ತಾರೆ. ನೆನೆಸಿಕೊಳ್ಳಲಿ, ಪ್ಲೀಸ್, ಬೇಡವೆನ್ನುವುದಿಲ್ಲ. ಆದರೆ ಯಾವ ಹೆಸರಿನಿಂದ ನೆನೆಸಿಕೊಳ್ಳುತ್ತಾರೆ ಎನ್ನುವುದೇ ನನ್ನ ತಕರಾರು. ಈ ತಕರಾರಿಗೆ ನನ್ನ ಮದುವೆಯಷ್ಟೇ ವಯಸ್ಸಾಗಿದೆ. ಮದುವೆಗಿಂತ ಗಟ್ಟಿಮುಟ್ಟಾಗಿಯೂ ಇದೆ.

ಬೆಂಗಳೂರು ದಂಡಿನಲ್ಲಿ ನಮ್ಮ ತಂದೆ ಗುಮಾಸ್ತರಾಗಿದ್ದರು. ಮಗಳು ಇಂಗ್ಲಿಷ್ ಕಲಿತರೆ ಗುಮಾಸ್ತರ ಮಗಳೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ನನ್ನನ್ನು ಕಾನ್ವೆಂಟಿಗೆ ಸೇರಿಸಿದರು. ಅಲ್ಲಿ ಶನಿವಾರ ಊಟವಾದ ಮೇಲೆ ಮದರ್ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಯಾರಿಗೆ ಯಾರಿಂದ ಅನ್ಯಾಯವಾಗಿದೆಯೋ ಅವರು ಎದುರು ನಿಂತು ಹೇಳಬೇಕು. ಪೆನ್ಸಿಲ್ ಕದ್ದದ್ದು, ಜಡೆ ಎಳೆದದ್ದು, ಕಪ್ಪಗಿದ್ದೀಯ ಎಂದು ಆಡಿಕೊಂಡದ್ದು, ಎಲ್ಲವನ್ನೂ ಮದರ್ ತಲೆಯಾಡಿಸುತ್ತಾ ಕೇಳುತ್ತಿದ್ದರು. ತೀರ್ಪು ಹೆಚ್ಚಾಗಿ ಇಬ್ಬರಿಗೂ ಬೆತ್ತ. ಆದರೂ ಹೇಳಿ ಬಂದವಳ ಮುಖ ತೊಳೆದಿಟ್ಟ ಹಾಗೆ ಇರುತ್ತಿತ್ತು. ಅನ್ಯಾಯ ಎಂಬ ಮಾತಿನ ಅರ್ಥ ನಾನು ಕಲಿತದ್ದು ಆ ಕುರ್ಚಿಯ ಮುಂದೆ. ಆಡುವವಳು ಒಬ್ಬಳು, ಕೇಳುವವರು ಒಬ್ಬರು. ಇಷ್ಟು ಜಸ್ಟಿಸ್ ಲೋಕದಲ್ಲೆಲ್ಲ ಇದ್ದೇ ಇರುತ್ತದೆಂದು ನಂಬಿ ನಾನು ಮದುವೆಗೆ ಒಪ್ಪಿದೆ.

ಗಂಡಿನ ಕಡೆಯವರು ಮೊಳಕಾಲ್ಮೂರಿನವರು, ನೇಕಾರರಿಗೆ ರೇಷ್ಮೆ ನೂಲು ಮಾರುವ ಮನೆತನ. ಓದಿದ ಹುಡುಗಿಯೇ ಬೇಕೆಂದು ವರ ಹಟ ಹಿಡಿದಿದ್ದರಂತೆ. ಚಳ್ಳಕೆರೆಯಲ್ಲಿ ನಮ್ಮ ಸೋದರಮಾವನ ಮನೆಯ ಚಪ್ಪರದಲ್ಲಿ ಮದುವೆಯಾಯಿತು. ಅಲ್ಲಿಂದ ಗಾಡಿ ಕಟ್ಟಿಕೊಂಡು ಹೊರಟೆವು. ಬಿ.ಜಿ. ಕೆರೆಯಲ್ಲಿ ಎತ್ತು ಬಿಚ್ಚಿ ಬುತ್ತಿ ಉಣ್ಣುವಾಗ ಯಾರೋ ಹೆಂಗಸು ನನ್ನ ಹೆಸರು ಕೇಳಿದಳು. ಗಿರಿಜಾ ಎಂದೆ. ಆ ಹೆಸರನ್ನು ಹಾಗೆ ನಿಶ್ಚಿಂತೆಯಿಂದ ಹೇಳಿದ್ದು ಅದೇ ಕೊನೆ.

ಏಕೆಂದರೆ ನಮ್ಮತ್ತೆಯ ಹೆಸರೂ ಗಿರಿಜಮ್ಮ. ಸೊಸೆಗೆ ಅದೇ ಹೆಸರಿದ್ದರೆ ಮನೆ ನಡೆಯುವುದು ಹೇಗೆ? ಗಿರಿಜಾ, ಸಗಣಿ ಬಾಚು ಎಂದರೆ ಅತ್ತೆಗೆ ಅಂದಂತಾಗುತ್ತದೆ. ಮಗ ಹೆತ್ತ ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಗದರುವುದುಂಟೆ? ಮನೆ ತುಂಬಿಸಿಕೊಂಡ ದಿನವೇ ತಟ್ಟೆಯಲ್ಲಿ ಅಕ್ಕಿ ಹರಡಿದರು. ಅತ್ತೆ ಒಂದು ಗಳಿಗೆಯೂ ಯೋಚಿಸದೆ ಹೊಸ ಹೆಸರು ಹೇಳಿದರು. ನನ್ನವರು ಉಂಗುರದಿಂದ ಅಕ್ಕಿಯಲ್ಲಿ ಬರೆದರು: ತಿಪ್ಪಮ್ಮ.

ಈ ಸೀಮೆಗೆ ಅದು ಒಳ್ಳೆಯ ಹೆಸರೇ. ಸಂತೆಯಲ್ಲಿ ನಿಂತು ತಿಪ್ಪಮ್ಮಾ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಟ್ಟರೆ ಯಮನಿಗೂ ಬೇಡವಾಗಿ ಬದುಕುತ್ತದೆಂದು ನಂಬಿಕೆ. ನನಗೋ ಹದಿನಾರು ತುಂಬಿತ್ತು, ಯಮನಿಗೆ ನನ್ನ ಮೇಲೆ ಕಣ್ಣಿರಲಿಲ್ಲ, ಪಿಯಾನೋದ ಮೇಲೆ ಎರಡು ಹಾಡು ನುಡಿಸುತ್ತಿದ್ದೆ. ಮೈ ಡಿಯರ್ ಗಿರಿಜಾ ಎಂದು ಮದರ್ ಕರೆಯುತ್ತಿದ್ದ ಹುಡುಗಿ ಹೊತ್ತು ಮುಳುಗುವುದರೊಳಗೆ ತಿಪ್ಪೆ ಏರಿದ್ದಳು.

ಒಂದು ವಾರ ತಡೆದೆ. ಆಮೇಲೆ ಅಡುಗೆಮನೆಯಲ್ಲಿ, ಸೆರಗು ಸರಿಮಾಡಿಕೊಂಡು, ಕಾನ್ವೆಂಟಿನಲ್ಲಿ ನಿಲ್ಲುತ್ತಿದ್ದ ಹಾಗೆ ನಿಂತು ಹೇಳಿದೆ: “ಅತ್ತೆಮ್ಮ, ಇದು ಅನ್ಯಾಯ.”

ಅತ್ತೆ ತಟ್ಟನೆ ಒಲೆಯ ಕಡೆ ತಿರುಗಿದರು. “ಎಲ್ಲೇ, ಉಕ್ತಾ?”

ಆ ಮನೆಯಲ್ಲಿ ಆ ಮಾತಿಗಿದ್ದ ಉಪಯೋಗ ಅಷ್ಟೇ ಎಂದು ನನಗೆ ಗೊತ್ತಾದದ್ದು ಆಗ. ಹಾಲು ಉಕ್ಕಿದರೆ ಅನ್ಯಾಯ ಆತು. ಅಟ್ಟದ ಮೇಲಿನ ಕುಂಬಳಕಾಯಿ ಕೊಳೆತರೆ ಅನ್ಯಾಯ ಆತು. ಸೇದಿ ತಂದ ನೀರು ಹೊಸಲ ಮೇಲೆ ಚೆಲ್ಲಿದರೆ ಅನ್ಯಾಯ. ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದೆನೋ. ಪಕ್ಕದ ಮನೆಯ ಸೊಸೆಯ ಬೆನ್ನ ಮೇಲೆ ಬಾಸುಂಡೆ ಎದ್ದಿದ್ದನ್ನು ನಾವೆಲ್ಲ ಬಾವಿಕಟ್ಟೆಯಲ್ಲಿ ನೋಡಿದೆವು. ಯಾರೂ ಆ ಮಾತು ಆಡಲಿಲ್ಲ. ಅವಳ ಕೊಡ ಒಡೆದಾಗ ಮಾತ್ರ ಎಲ್ಲರೂ ಒಟ್ಟಿಗೆ ಅನ್ಯಾಯ ಅನ್ಯಾಯ ಎಂದು ಲೊಚಗುಟ್ಟಿದೆವು. ಅವಳೂ ಅಂದಳು, ಪಾಪ, ಕೊಡಕ್ಕೆ.

ನನ್ನವರ ಹತ್ತಿರ ಅಪೀಲು ಹೋದೆ. “ಹೆಸರು ಇಟ್ಕಂಡು ಉಪ್ಪಿನಕಾಯಿ ಹಾಕ್ತೀಯಾ?” ಎಂದರು. ಹೇಗೂ ಅವರು ನನ್ನನ್ನು ಕರೆಯುತ್ತಿದ್ದದ್ದು ಏಯ್ ಎಂದು, ಬಂಧುಗಳ ಮುಂದೆ ಇವಳೇ ಎಂದು, ಊರಿಗೆ ಬಿಳಿ ದೊರೆ ಬಂದಾಗ ಮೈ ವೈಫ್ ಎಂದು. ನಾನು ಅತ್ತುಬಿಟ್ಟೆ. ಆಗ ಸ್ವಲ್ಪ ಕರಗಿ, ಅವ್ವ ಇರುವವರೆಗೆ ತಡೆದುಕೋ, ಆಮೇಲೆ ನಿನ್ನ ಹೆಸರಿನಿಂದಲೇ ಕರೆಯುತ್ತೇನೆ ಎಂದು ಮಾತು ಕೊಟ್ಟರು. ಎಂಥ ಮಾತು ನೋಡಿ. ನನ್ನ ಹೆಸರು ನನಗೆ ಬರಬೇಕಾದರೆ ಒಬ್ಬರು ಸಾಯಬೇಕು. ದಿನಾ ಬೆಳಗ್ಗೆ ಅತ್ತೆಗೆ ಬಿಸಿನೀರು ಕಾಯಿಸಿ ಕೊಡುತ್ತಾ, ಆರೋಗ್ಯ ಹೇಗಿದೆ ಎಂದು ಕೇಳುತ್ತಾ ಕಾದೆ. ಅವರ ಆರೋಗ್ಯ ಫಸ್ಟ್ ಕ್ಲಾಸ್ ಆಗಿತ್ತು. ಮೊದಲು ಹೋದವರು ಮಾವನವರು.

ಮಾವನವರ ತಿಥಿಯೆಲ್ಲ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಳದಲ್ಲಿ ಯಾರೋ ಮುದುಕರು ಕೋಲು ಕುಟ್ಟಿದ ಸದ್ದಾಯಿತು. “ಏಮೇ ತಿಪ್ಪೀ, ಎಲ್ಲಿದೀಯೇ? ನೀರು ತಗಂಬಾ.”

ಗುರುತಿಲ್ಲದವರು ನನ್ನನ್ನು ತಿಪ್ಪೀ ಎನ್ನುವಷ್ಟು ಸಲಿಗೆಯೇ ಎಂದು ಉರಿದುಕೊಂಡೇ ಚೊಂಬು ಹಿಡಿದು ಎದ್ದೆ. ಆದರೆ ನನಗಿಂತ ಮೊದಲು, ಮಂಡಿನೋವೆಂದು ಗೋಡೆ ಹಿಡಿದು ನಡೆಯುವ ನಮ್ಮತ್ತೆ, “ಬಂದೇ ಅಣ್ಣಾ” ಎಂದು ಓಡಿದರು. ಓಡಿದರು ಎಂದರೆ ಓಡಿದರು. ನಾನು ಚೊಂಬು ಹಿಡಿದು ಬಾಗಿಲಲ್ಲೇ ನಿಂತೆ.

ಬಂದವರು ಅತ್ತೆಯ ಅಣ್ಣ, ರಾಂಪುರದವರು. ನನ್ನ ಮದುವೆಗೂ ಬರದಿದ್ದವರು. ಅವರನ್ನು ಕಳಿಸಿಕೊಟ್ಟ ಮೇಲೆ ಅತ್ತೆ ಅಕ್ಕಿ ಆರಿಸುತ್ತಾ ತಲೆ ಎತ್ತದೆ ಹೇಳಿದರು. ತಿಪ್ಪಮ್ಮ ತಮ್ಮದೇ ಹೆಸರು, ತವರಿನದು. ನಾಲ್ಕು ಜನ ವ್ಯಾಪಾರಸ್ಥರು ಬಂದು ಹೋಗುವ ಮನೆಗೆ ಆ ಹೆಸರು ನಾಚಿಕೆ ಎಂದು ಮಾವನವರು ಅಕ್ಕಿಯ ಮೇಲೆ ಗಿರಿಜಾ ಎಂದು ಬರೆದಿದ್ದರಂತೆ.

“ಅನ್ಯಾಯ ಅಂತ ನೀವು ಅನ್ನಲಿಲ್ಲವೆ?” ಎಂದೆ.

“ಯಾರಿಗೆ ಅನ್ಲಿ? ನಮ್ಮಣ್ಣ ಒಬ್ಬ ಅಂದ. ಅಂದಿದ್ದಕ್ಕೆ ನಿಮ್ಮಾವ ಇರೋಗಂಟ ಅವನಿಗೆ ಈ ಮನೆ ಬಾಗ್ಲು ಮುಚ್ಚಿತ್ತು. ಹಾಲು ಉಕ್ಕಿದ್ರೆ ಅನ್ನು ಎಷ್ಟಾರ, ಯಾರೂ ಬ್ಯಾಡ ಅನ್ನಲ್ಲ.” ಒಂದು ಕಲ್ಲು ಆರಿಸಿ ಎಸೆದರು. “ಒಳ್ಳೆ ಹೆಸರು ಕಣೇ. ಈ ಮನ್ಯಾಗೆ ಒಂದಿನಾನಾ ಕೂಗಿಸ್ಕಳ್ಳಲಿ ಅಂತ ನಿನಗಿಟ್ಟೆ.”

ಆಗ ನಾನು ಅವರನ್ನು ತಬ್ಬಿಕೊಂಡು ಅತ್ತೆನೆಂದು ಬರೆದರೆ ಚೆನ್ನಾಗಿರುತ್ತದೆ. ಇಲ್ಲ. ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಅವರಿಂದ ಕಿತ್ತುಕೊಂಡ ಹೆಸರನ್ನು ನನಗೆ ಹೊರಿಸಿ, ಅವರಿಗೆ ಬೇಡವಾಗಿದ್ದ ಹೆಸರನ್ನು ನನ್ನಿಂದ ಕಿತ್ತುಕೊಂಡಿದ್ದರು. ಬೈಯೋಣವೆಂದರೆ ಬೈಯಬೇಕಾದ ಮಾವನವರ ತಿಥಿಯ ವಡೆಯನ್ನು ನಾನೇ ಕರಿದು ಬಡಿಸಿದ್ದೆ. ಮದರ್ ಇದ್ದಿದ್ದರೆ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದರು. ಬೆತ್ತ ಯಾರಿಗೆ ಕೊಡುತ್ತಿದ್ದರೋ ತಿಳಿಯದು.

ಅತ್ತೆ ಇನ್ನೂ ಬಹಳ ವರ್ಷ ಬದುಕಿದರು. ಅವರು ಹೋದ ಮೇಲೆ, ಸೂತಕ ಕಳೆದ ಒಂದು ಸಂಜೆ, ನಾನು ಒಲೆಯ ಮುಂದೆ ಕೂತಿದ್ದೆ. ಪಡಸಾಲೆಯಿಂದ ನನ್ನವರು ಕರೆದರು: “ಗಿರಿಜಾ.” ಪಾಪ, ಕೊಟ್ಟ ಮಾತು ಮರೆತಿರಲಿಲ್ಲ. ಮತ್ತೊಮ್ಮೆ, ಸ್ವಲ್ಪ ನಾಚಿಕೊಂಡು: “ಗಿರಿಜಾ.”

ತಾಯಿಯನ್ನು ನೆನೆಸಿಕೊಂಡು ತಮ್ಮಷ್ಟಕ್ಕೆ ಕೂಗುತ್ತಿದ್ದಾರೆ, ಅಳಲಿ ಬಿಡು ಎಂದುಕೊಂಡು ನಾನು ಎದ್ದೇಳಲಿಲ್ಲ.

ಕೊನೆಗೆ ಅವರು, “ಲೇ ತಿಪ್ಪಮ್ಮಾ” ಎಂದರು. “ಬಂದೆ” ಎಂದು ದಡಬಡಿಸಿ ಎದ್ದೆ. ನಡುಮನೆ ದಾಟುವ ಹೊತ್ತಿಗೆ ಏನಾಯಿತೆಂದು ಹೊಳೆದು ಕಾಲು ನಿಂತುಬಿಟ್ಟಿತು. ಹಿಂದೆ ಅಡುಗೆಮನೆಯಲ್ಲಿ ಸೀದ ವಾಸನೆ. ಓಡಿ ಹೋಗಿ ನೋಡಿದರೆ ಹಾಲೆಲ್ಲ ಒಲೆಯ ಪಾಲಾಗಿತ್ತು.

“ಅನ್ಯಾಯ ಆತು” ಎಂದೆ. ಹಾಲಿಗೇ ಅಂದದ್ದು, ದೇವರಾಣೆ. ಬೇರೆ ಯಾವುದಕ್ಕೂ ಆ ಮಾತು ಆಡುವುದು ನನಗೂ ಆಗಲೇ ಮರೆತು ಹೋಗಿತ್ತು.